ಇರಕಲ್ಲಗಡದ ಸೂರ್ಯಮಂಡಲ

ಎಲ್ಲ ರಗಳೆ ಹುಟ್ಟಿದ್ದು ಒಂದು ಪೆಟ್ಟಿಗೆ ಗಿಳಿಗಳಿಂದ.

ಇರಕಲ್ಲಗಡದ ಸಾಲಿ ತಪಾಸಣೆಗೆ ಸಾಹೇಬರು ಬರುವ ದಿನ ಬೆಳಿಗ್ಗೆ ಯಂಕೋಬ ಮಾಸ್ತರರು ಕಿನ್ನಾಳದ ಗೊಂಬೆಗಾರರಿಂದ ಬಂದ ಪೆಟ್ಟಿಗೆ ಬಿಚ್ಚಿದರು. ಖಗೋಳದ ಪಾಠಕ್ಕೆಂದು ಅವರು ಹೇಳಿ ಮಾಡಿಸಿದ್ದು ಕಟ್ಟಿಗೆಯ ಸೂರ್ಯ, ಭೂಮಿ, ಚಂದ್ರ. ಒಳಗಿದ್ದದ್ದು ಯಾರದೋ ಮದುವೆಗೆ ಹೋಗಬೇಕಾಗಿದ್ದ ಹಸಿರು ಗಿಳಿ ಗೊಂಬೆಗಳು! ಮಾಸ್ತರರ ಎದೆ ಧಸಕ್ಕೆಂದ ಸದ್ದಿಗೆ ಕೊಪ್ಪಳದ ಕೋಟೆಯ ಪಾರಿವಾಳಗಳೆಲ್ಲ ಹಾರಿದವು. ಸುಳ್ಳೆಂದರೆ ಪಾರಿವಾಳಗಳನ್ನೇ ಕೇಳಿ.

ಸಾಹೇಬರನ್ನು ಮೆಚ್ಚಿಸಿ ಕೊಪ್ಪಳಕ್ಕೆ ಬದಲಿ ಕೇಳುವುದೆಂದು ಅವರು ವರ್ಷದಿಂದ ಹೊಂಚು ಹಾಕಿದ್ದರು. ಹೆಂಡತಿಯೋ, "ಕೊಪ್ಪಳಕ್ಕ ಬಂದ್ರ ಸಂಸಾರ, ಇಲ್ಲಾಂದ್ರ ನಿಮ್ಮ ರೊಟ್ಟಿ ನೀವ ಬಡಕೋರಿ" ಎಂದು ಅಲ್ಲಿಯ ತವರಿನಲ್ಲಿ ಗೂಟ ಹೊಡೆದು ಕೂತಿದ್ದಳು. ಮಾಸ್ತರರು ಬಡಿದ ರೊಟ್ಟಿ ಅಷ್ಟಮಿಯ ಚಂದ್ರನ ತನಕ ಬೆಳೆಯುತ್ತಿತ್ತು. ಹುಣ್ಣಿಮೆ ಮಾತ್ರ ಎಂದೂ ಆಗಲಿಲ್ಲ.

ಗಿಳಿ ನೋಡಲು ನೆರೆಯ ಉಡಚಮ್ಮ ಬಂದಳು. ಅವಳು ಬಾಗಿಲಲ್ಲಿ ನಿಂತರೆ ಸಾಲಿಗೆಲ್ಲ ಅಮಾವಾಸ್ಯೆ. ಹಿಂದೆಯೇ ಅವಳ ಗಂಡ, ಜೋಳದ ದಂಟಿನಂಥ ಗಾಳೆಪ್ಪ. ಅವನ ಹಿಂದೆ ಹಳದಿ ರುಮಾಲಿನ ಗೌಡ ವಿರುಪಣ್ಣ.

"ಗೊಂಬಿ ಯಾಕ ಬೇಕ್ರಿ ಮಾಸ್ತರ? ನಾವ ಗ್ರಹ ಆಕ್ಕೇವಿ!" ಎಂದು, ಮಾಸ್ತರರ ಗೋಳು ಕೇಳಿದ ವಿರುಪಣ್ಣ ಕುರ್ಚಿ ಎಳೆದು ನಡುವೆ ಕೂತ. "ನಾನು ಸೂರ್ಯ. ರುಮಾಲ ನೋಡ್ರಿ, ಹೆಂಗ ಹೊಳೀತೈತಿ!"

ಮಾಸ್ತರರಿಗೂ ಜೀವ ಬಂತು. "ಉಡಚಮ್ಮ, ನೀ ಭೂಮಿ. ನಿನ್ನ ಅಕ್ಷದ ಮ್ಯಾಲ ಬುಗರಿ ಹಂಗ ತಿರಗಬೇಕು, ಅದಕ್ಕ ಹಗಲು-ರಾತ್ರಿ. ಹಂಗ ತಿರಗ್ತಾ ಕಕ್ಷೆ ಹಿಡಿದು ಸೂರ್ಯನ ಸುತ್ತ ಹೋಗಬೇಕು, ಅದಕ್ಕ ವರ್ಷ."

"ಇವನ ಸುತ್ತ? ನಾನು?" ಉಡಚಮ್ಮ ಸೆರಗು ಬಿಗಿದಳು. "ನನ್ನ ಎಮ್ಮಿ ಒಯ್ದು ದೊಡ್ಡ್ಯಾಗ ಕೂಡಿದವಗ ಪ್ರದಕ್ಷಿಣಿ ಹಾಕ್ಲ್ಯಾ? ಸೂರ್ಯನ ತಿರಗಲಿ! ದಿನಾ ಮೂಡಲಕ ಹುಟ್ಟಿ ಪಡುವಲಕ ಹೋಗಾವ ಅವ. ನೆಲ ಎಲ್ಯರ ಅಳ್ಳಾಡತೈತೇನ್ರಿ?"

"ನಿಮ್ಮೆಮ್ಮಿ ನನ್ನ ಹೊಲ ಮೇಯೋವಾಗ ಯಾವ ಕಕ್ಷೆ ಹಿಡಿದಿತ್ತವ್ವಾ?" ಎಂದ ಸೂರ್ಯ.

ಗಾಳೆಪ್ಪ ಮೆಲ್ಲಗೆ ಕೇಳಿದ: "ನಂದೇನ್ರಿ?"

"ನೀ ಚಂದ್ರ. ಭೂಮಿಯ ಉಪಗ್ರಹ. ಸ್ವಂತ ಬೆಳಕಿಲ್ಲ, ಆಕಿ ಸುತ್ತ ತಿರಗೋದ ಕೆಲಸ."

"ಮದಿವಿ ಆದಾಗಿಂದ ಅದನ್ನ ಮಾಡಾಕ್ಹತ್ತೀನಲ್ರಿ!"

ಹುಡುಗರ ನಗೆಗೆ ಹಂಚು ಅದುರುತ್ತಿರುವಾಗಲೇ ಹೊರಗೆ ಟಾಂಗಾ ನಿಂತಿತು. ಸಾಹೇಬರು ಒಳಗೆ ಬಂದರು. ಭೂಮಿ ಸೂರ್ಯನ ರುಮಾಲು ಹಿಡಿದಿತ್ತು, ಸೂರ್ಯ ಬೈಯುತ್ತಿದ್ದ, ಚಂದ್ರ ಗಿಳಿ ಪೆಟ್ಟಿಗೆಯ ಹಿಂದೆ ಮುಳುಗಿದ್ದ.

"ಏನಿದು?"

ಮುಳುಗುವವನಿಗೆ ಹುಲ್ಲುಕಡ್ಡಿ. ಮಾಸ್ತರರು ವಿರುಪಣ್ಣನನ್ನು ಎಬ್ಬಿಸಿ ಕುರ್ಚಿ ಒರೆಸಿದರು. "ಸೂರ್ಯಮಂಡಲದ ಪಾಠರಿ. ತಾವ ಸೂರ್ಯ ಆಗಬೇಕ್ರಿ!"

"ಸೂರ್ಯ ಏನು ಮಾಡಬೇಕು?"

"ಏನೂ ಮಾಡಬಾರದ್ರಿ. ನಡುವಿನವ ಜಾಗ ಬಿಟ್ಟ ಅಂದ್ರ ಗ್ರಹ ಎಲ್ಲ ಚೆಲ್ಲಾಪಿಲ್ಲಿ!"

ಸಾಹೇಬರು ಮೀಸೆ ತಿರುವಿ ಕೂತರು. ಉಡಚಮ್ಮ ಸೆರಗು ಸಡಿಲಿಸಿದಳು. "ಇವರ ಸುತ್ತ ಆದ್ರ ತಿರಗತೀನ್ರಿ. ಸರಕಾರದ ಸುತ್ತ ಊರ ತಿರಗತೈತಿ." ವಿರುಪಣ್ಣನೂ ಗುರುಗ್ರಹವಾಗಿ ದೂರದ ಕಕ್ಷೆ ಹಿಡಿದ.

ಆಮೇಲೆ ಎದ್ದ ಧೂಳು ಕುಷ್ಟಗಿಯಲ್ಲಿ ಸೀನು ತರಿಸಿತಂತೆ! ಉಡಚಮ್ಮ ಗಿರಗಿರನೆ ತಿರುಗಿದಳು, ಅವಳ ಸುತ್ತ ಗಾಳೆಪ್ಪ ನೊಣದಂತೆ ಹಾರಿದ. ಅವನು ಸಾಹೇಬರಿಗೂ ತನ್ನ ಹೆಂಡತಿಗೂ ನಡುವೆ ಬಂದದ್ದೇ ತಡ, "ಸೂರ್ಯಗ್ರಹಣ!" ಎಂದು ಹುಡುಗರೆಲ್ಲ ಕೂಗಿದರು. ಆ ಕೂಗಿಗೆ ತಲೆತಿರುಗಿ ಭೂಮಿ ಕಕ್ಷೆ ತಪ್ಪಿ ಗುರುವಿನ ಮೇಲೆ ಬಿತ್ತು. ಗುರುಗ್ರಹ ಚಪಾತಿಯಾಯಿತು.

ಸಾಹೇಬರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಶಾಬಾಶ್! ಇಂಥ ಪಾಠ ಈ ಜಿಲ್ಲಾದಾಗ ನೋಡಿಲ್ಲ. ಏನು ಬೇಕು, ಕೇಳ್ರಿ ಮಾಸ್ತರ!"

ಮಾಸ್ತರರ ಕಣ್ಣ ಮುಂದೆ ಹೆಂಡತಿಯ ಕೈಯ ಹುಣ್ಣಿಮೆ ರೊಟ್ಟಿ ಮೂಡಿತು. "ಕೊಪ್ಪಳಕ್ಕ ಬದಲೀರಿ ಸಾಹೇಬರ!"

"ತೋಬಾ! ನೀವ ಹೇಳಿದ್ರಲ್ಲ? ನಡುವಿನವ ಜಾಗ ಬಿಟ್ಟರ ಗ್ರಹ ಎಲ್ಲ ಚೆಲ್ಲಾಪಿಲ್ಲಿ! ಇಲ್ಲಿಯ ಸೂರ್ಯ ನೀವ. ನಾ ಇರೋತನಕ ನಿಮ್ಮನ್ನ ಇಲ್ಲಿಂದ ಯಾರೂ ಅಳ್ಳಾಡಸಂಗಿಲ್ಲ!"

ಟಾಂಗಾ ಹೋಯಿತು.

ಸಂಜೆ ಮಾಸ್ತರರ ರೊಟ್ಟಿ ಹಂಚಿನ ಮೇಲೆ ಮತ್ತೆ ಅಷ್ಟಮಿಯ ಚಂದ್ರನೇ ಕರಕಲಾಗುತ್ತಿದ್ದ. ಉಡಚಮ್ಮ ಕೂಗಿದ ಕಡೆಗೆ ಓಡುತ್ತಿದ್ದ ಗಾಳೆಪ್ಪ ಕಿಟಕಿಯಲ್ಲಿ ಇಣುಕಿದ.

"ಬ್ಯಾಸರ ಮಾಡಕೋಬ್ಯಾಡ್ರಿ ಮಾಸ್ತರ. ಆದ್ರ ಒಂದ್ ಮಾತು, ಸೂರ್ಯ ಆಗೋಕ್ಕಿಂತ ಉಪಗ್ರಹ ಆಗೋದ ಛಲೋ ನೋಡ್ರಿ. ತಿರಗಿ ತಿರಗಿ ಸಾಯ್ತೀವಿ ಖರೆ, ಬಿಸಿ ರೊಟ್ಟೀನರ ಸಿಗತೈತಿ!"