ನಾಲ್ಕು ಇಂಚು ಮೇಲೆ ಕುಳಿತ ಮೋಟಾರಿಗೆ

ಮಾನ್ಯ ಮೋಟಾರ್ ಮಹಾಶಯರೇ,

ಮುಕ್ಕುಂದದ ದಂಡೆಯಲ್ಲಿ ಊರಿನ ದೋಣಿ ಸಮಿತಿಯ ಹಸಿರು ದೋಣಿಯ ಬೆನ್ನು ಕಚ್ಚಿಕೊಂಡು, ಹೊತ್ತು ಹೊತ್ತಿಗೆ ಪೆಟ್ರೋಲ್ ಸೇವಿಸುತ್ತ ವಿರಾಜಮಾನರಾಗಿರುವ ತಮಗೆ ಸಿಂಧನೂರಿನ ನಿವೃತ್ತ ಗ್ರಂಥಪಾಲಕ ಗಂಗಾಧರನ ಸವಿನಯ ನಮಸ್ಕಾರಗಳು. ತಮ್ಮ ಕ್ಷೇಮ ವಿಚಾರಿಸುವ ಅಗತ್ಯವೇನೂ ಇಲ್ಲ, ಏಕೆಂದರೆ ತಮ್ಮ ಕಂಠ ಎಷ್ಟು ಗಟ್ಟಿಮುಟ್ಟಾಗಿದೆ ಎಂಬುದು ದಢೇಸುಗೂರಿನವರೆಗೂ ಕೇಳಿಸುತ್ತದೆ. ನನ್ನ ದೂರು ತಮ್ಮ ಕಂಠದ ಬಗ್ಗೆ ಅಲ್ಲ, ನಡಿಗೆಯ ಬಗ್ಗೆ.

ನನ್ನ ಮಗಳು ಭಾರತಿ ಉಪಕೇಂದ್ರದ ನರ್ಸ್. ಹೊಳೆಯ ನಡುಗಡ್ಡೆಯಲ್ಲಿರುವ ಮನೆಗಳ ಕೂಸುಗಳಿಗೆ ಲಸಿಕೆ ಹಾಕಲು ಆಕೆ ಐಸ್ ತುಂಬಿದ ಡಬ್ಬಿಯನ್ನು ಹೆಗಲಿಗೇರಿಸಿಕೊಂಡು, ತಮ್ಮನ್ನೇ ನಂಬಿ ದೋಣಿ ಹತ್ತುತ್ತಾಳೆ. ದಂಡೆ ಬಿಡುವಾಗ ತಾವು ಸಜ್ಜನರಂತೆಯೇ ಇರುತ್ತೀರಿ. ನಡುಹೊಳೆಯಲ್ಲಿ ಸೆಳವು ಎದುರಾಗಿ, ಅಂಬಿಗ ಶಾವಲಿ ತಮ್ಮ ಹಿಡಿಕೆಯನ್ನು ಪೂರ್ತಿ ತಿರುವಿದನೆಂದರೆ, ಆಕಾಶ ಹರಿದು ಬೀಳುವಂತೆ ಅರಚುತ್ತೀರಿ. ಹೊಗೆ ಏಳುತ್ತದೆ, ನೊರೆ ಉಕ್ಕುತ್ತದೆ, ದೋಣಿ ಮಾತ್ರ ತಮ್ಮ ಗರ್ಜನೆಗೆ ಕಿಂಚಿತ್ತೂ ಮರ್ಯಾದೆ ಕೊಡದೆ ನಿಂತಲ್ಲೇ ನಿಂತು, ಆಮೇಲೆ ಮೆಲ್ಲಗೆ ಕೆಳಗಿನ ಬಂಡೆಗಳತ್ತ ಹಿಮ್ಮುಖವಾಗಿ ಸರಿಯತೊಡಗುತ್ತದೆ.

ಚಿಕ್ಕಂದಿನಲ್ಲಿ ಇದೇ ಹೊಳೆಯನ್ನು ತೊಗಲಿನ ಹರಿಗೋಲಿನಲ್ಲಿ ದಾಟಿದವನು ನಾನು. ಅದು ಗಿರಗಿರನೆ ತಿರುಗಿ ತಲೆಸುತ್ತು ಬರಿಸುತ್ತಿತ್ತು, ಆದರೆ ಬಾಯಿ ಬಿಡದೆ ಆಚೆಗೆ ಮುಟ್ಟಿಸುತ್ತಿತ್ತು. ಗಟ್ಟಿಯಾಗಿ ಕೂಗಿದಷ್ಟೂ ಮುಂದೆ ಹೋಗುತ್ತಿದ್ದೇವೆ ಎಂದು ನಂಬುವ ವಿದ್ಯೆ ನಮಗೆ ಬಂದದ್ದು ಆಮೇಲೆ. ಆ ವಿದ್ಯೆಯಲ್ಲಿ ತಾವು ನಮ್ಮ ಎಷ್ಟೋ ಭಾಷಣಕಾರರಿಗೆ ಗುರುಸಮಾನರು.

ತಮ್ಮ ಚಿಕಿತ್ಸೆಗೆ ನಾವು ಕೊರತೆ ಮಾಡಲಿಲ್ಲ. ಸಿಂಧನೂರಿನ ಟ್ರ್ಯಾಕ್ಟರ್ ಮೆಕ್ಯಾನಿಕ್ ಆಸೀಮ್ ಬಂದು ಪ್ಲಗ್ ಬದಲಿಸಿ, ಕಾರ್ಬ್ಯುರೇಟರ್ ತೊಳೆದ. ತಾವು ಮತ್ತಷ್ಟು ಇಂಪಾಗಿ ಅರಚಿದಿರಿ. ಲಿಂಗಸುಗೂರಿನಿಂದ ಬಂದವರು ತಮ್ಮ ತಳದ ಪಂಖಾ ಸವೆದಿದೆಯೆಂದು ಹೊಸದು ಕೂಡಿಸಿದರು. ಅದು ಹಳೆಯದಕ್ಕಿಂತ ಸೊಗಸಾಗಿ ನೊರೆ ಎಬ್ಬಿಸಿತು. ಮಸ್ಕಿಯ ತಜ್ಞರೊಬ್ಬರಂತೂ ದಂಡೆಯ ಮೇಲೆ ಕುರ್ಚಿ ಹಾಕಿಸಿಕೊಂಡು, ಕಣ್ಣು ಮುಚ್ಚಿ ಆಲಿಸಿ, "ಏನ್ ಆವಾಜ್ ಐತ್ರೀ! ಇಂಜಿನ್ ಬರೋಬ್ಬರಿ ಐತಿ. ಖರಾಬಿ ಇದ್ರ ಹೊಳ್ಯಾಗ ಇರಬೇಕು" ಎಂದು ತೀರ್ಪು ಕೊಟ್ಟು, ಊಟ ಮುಗಿಸಿಕೊಂಡು ಹೊರಟರು. ಹೊಳೆ ರಿಪೇರಿ ಮಾಡುವವರು ಇನ್ನೂ ಸಿಕ್ಕಿಲ್ಲ.

ನಿಜ ಹೊರಬಿದ್ದದ್ದು ಕಳೆದ ವಾರ. ದೋಣಿ ಬಂಡೆಗಳತ್ತ ಜಾರತೊಡಗಿದಾಗ ಮುಂದೆ ಕುಳಿತವರೆಲ್ಲ ಹೆದರಿ ಶಾವಲಿ ಇದ್ದ ಹಿಂಭಾಗಕ್ಕೆ ನುಗ್ಗಿದರು. ಆ ಭಾರಕ್ಕೆ ದೋಣಿಯ ಹಿಂಬದಿ ತಗ್ಗಿತು, ತಮ್ಮ ಪಂಖಾ ಮೊದಲ ಬಾರಿಗೆ ಪೂರ್ತಿ ನೀರೊಳಗೆ ಮುಳುಗಿತು, ಅರಚಾಟ ನಿಂತು ತಾವು ಗುಂಯ್ ಎಂದು ದುಡಿಯತೊಡಗಿದಿರಿ, ದೋಣಿ ಮುಂದೆ ನಡೆಯಿತು. ಇಷ್ಟು ಕಾಲ ತಾವು ಕಡೆಯುತ್ತಿದ್ದದ್ದು ಹೆಚ್ಚಾಗಿ ಗಾಳಿಯನ್ನೇ! ಭಾರತಿ ಬಗ್ಗಿ ನೋಡಿದರೆ, ತಮ್ಮನ್ನು ದೋಣಿಗೆ ಬಿಗಿದ ಕೊಂಡಿಯ ಕೆಳಗೆ ನಾಲ್ಕು ಇಂಚು ಎತ್ತರದ ತೇಗದ ಹಲಗೆ.

ಆ ಹಲಗೆ ಅಲ್ಲಿಗೆ ಬಂದ ಬಗೆ ತಮಗೆ ತಿಳಿಯದ್ದಲ್ಲ. ಅಮಾವಾಸ್ಯೆಗೊಮ್ಮೆ ತಮ್ಮನ್ನು ಪೂಜಿಸುವ ಸಮಿತಿಯ ಅಧ್ಯಕ್ಷ ಹಂಪಣ್ಣನವರಿಗೆ ತಮ್ಮ ಮೈಮೇಲೆ ಮೂರು ಬೆರಳ ವಿಭೂತಿ ಎಳೆಯಬೇಕಿತ್ತು. ಹಣೆ ಎನ್ನಬಹುದಾದ ಮೇಲಿನ ಮುಚ್ಚಳದ ತುಂಬ ದಾನಿಗಳ ಹೆಸರು ಬಂಗಾರದ ಅಕ್ಷರಗಳಲ್ಲಿ ಹೊಳೆಯುತ್ತಿದೆ, ಅದನ್ನು ಮುಚ್ಚುವಂತಿಲ್ಲ. ಹಾಗಾಗಿ ವಿಭೂತಿ ಪಂಖಾ ಇರುವ ಕಾಲಿಗಿಳಿಯಿತು. ಕಾಲು ನೀರಿಗಿಳಿದರೆ ವಿಭೂತಿ ಕರಗಿ ಅಪಚಾರವಾಗುತ್ತದೆ. ಹಾಗಾಗಿ ಹಲಗೆ ಹತ್ತಿ ಕಾಲೇ ಮೇಲೇರಿತು.

ಹಲಗೆ ತೆಗೆಸಿರೆಂದು ಭಾರತಿ ಕೇಳಿದಾಗ ಹಂಪಣ್ಣನವರು, "ಹಲಗಿ ತಗಿಯಂಗಿಲ್ಲ ತಂಗಿ, ಈಬತ್ತಿ ಹೊಳಿಪಾಲಾಗ್ತೈತಿ. ದಪ್ಪ ಇದ್ದೋರನ್ನ ಹಿಂದ ಕುಂದ್ರಸ್ರಿ, ಮುಗೀತು" ಎಂದರು. ಇದು ಸರ್ವಾನುಮತದಿಂದ ಠರಾವಾಯಿತು. ಸೊಪ್ಪು ಮಾರಲು ಗಡ್ಡೆಗೆ ಹೋಗುವ ಕಸ್ತೂರೆಮ್ಮ ಮಾತ್ರ ದಂಡೆಯ ಮೇಲೆ ನಿಂತು, "ನಾ ಏನ್ ಭತ್ತದ ಚೀಲೇನ್ರೀ ಹಂಪಣ್ಣಾರ? ನೀವ ಬಂದು ಕುಂದರ್ರಿ, ನಿಮ್ಮ ತೂಕ ಏನ್ ಕಡಿಮಿ ಐತೇನು?" ಎಂದದ್ದು ನಡಾವಳಿಯಲ್ಲಿ ದಾಖಲಾಗಿಲ್ಲ.

ಮಹಾಶಯರೇ, ಸೋಮವಾರ ಅಣೆಕಟ್ಟೆಯ ಬಾಗಿಲು ತೆರೆಯುತ್ತಾರಂತೆ. ಆಮೇಲೆ ಹೊಳೆ ಇಳಿಯುವವರೆಗೆ ಗಡ್ಡೆಗೆ ದಾರಿಯಿಲ್ಲ. ಅದಕ್ಕೆ ಮೊದಲು, ಭಾನುವಾರವೇ, ಭಾರತಿ ಹೋಗಿ ಬರಬೇಕು. ಸೆಳವು ಈಗಾಗಲೇ ಬಿರುಸಾಗಿದೆ, ಬೇರೆ ಯಾರೂ ದೋಣಿ ಹತ್ತಲು ಒಪ್ಪುತ್ತಿಲ್ಲ. ಇರುವವರು ಇಬ್ಬರೇ, ಶಾವಲಿ ಮತ್ತು ನನ್ನ ಮಗಳು. ಇಬ್ಬರೂ ಬಡಕಲು. ಸಮಿತಿಯ ಠರಾವಿಗೆ ಬೇಕಾದಷ್ಟು ತೂಕ ಅವರಲ್ಲಿಲ್ಲ.

ಆದ್ದರಿಂದ ತಾವು ದಯವಿಟ್ಟು ಭಾನುವಾರದೊಳಗೆ ತಮ್ಮ ಕಾಲನ್ನು ನಾಲ್ಕು ಇಂಚು ಉದ್ದ ಬೆಳೆಸಿಕೊಳ್ಳಬೇಕು. ಅದು ಈ ವಯಸ್ಸಿನಲ್ಲಿ ಕಷ್ಟವೆಂದಾದರೆ, ಹೇಗೂ ಗಾಳಿಯಲ್ಲಿ ತಿರುಗಿ ರೂಢಿಯಿರುವುದರಿಂದ, ದೋಣಿಯನ್ನು ಎತ್ತಿಕೊಂಡು ಹಾರಬೇಕು. ಅದೂ ಆಗದಿದ್ದರೆ, ದಾನಿಗಳ ಹೆಸರು, ಮಕ್ಕಳ ಲಸಿಕೆ ಇವೆರಡರಲ್ಲಿ ಯಾವುದು ಭಾರ ಎಂದು ಹಂಪಣ್ಣನವರಿಗೆ ತಾವೇ ತಮ್ಮ ಆ ದೊಡ್ಡ ದನಿಯಲ್ಲಿ ತಿಳಿಸಿ ಹೇಳಬೇಕು. ನಮ್ಮ ದನಿ ಅವರಿಗೆ ಕೇಳಿಸುತ್ತಿಲ್ಲ.

ತೂಕ ಸಾಲದಿದ್ದರೆ ದೋಣಿಯ ಹಿಂಬದಿಯಲ್ಲಿ ಬಂದು ಕೂರಲು ಸಿದ್ಧನಿರುವ
ತಮ್ಮ ವಿಶ್ವಾಸಿ,
ಗಂಗಾಧರ

ತಾಜಾ ಕಲಂ: ಪತ್ರವನ್ನು ಪತ್ರಿಕೆಗೆ ಕೊಡಲು ಹೊರಟಿದ್ದೆ, ಅಷ್ಟರಲ್ಲಿ ಭಾನುವಾರ ಬಂದೇಬಿಟ್ಟಿತು. ಭಾರತಿ ಬೆಳಿಗ್ಗೆ ಶಾವಲಿಯ ಕೈಲಿ ತಮ್ಮ ಎರಡು ತಿರುಪು ಸಡಿಲಿಸಿ ಹಲಗೆ ಎಳೆಸಿ ಹಾಕಿದಳು. ಕಾಲಿನ ವಿಭೂತಿ ಒರೆಸಿ, ಮುಚ್ಚಳದ ಬಂಗಾರದ ಅಕ್ಷರಗಳ ಮೇಲೆಯೇ ಮೂರು ಬೆರಳು ಎಳೆದು, "ಈಬತ್ತಿ ಹಣಿಗೆ ಹಚ್ಚೋದು, ಕಾಲಿಗಲ್ಲ" ಎಂದಳಂತೆ. ಹೋದರು, ಸಂಜೆಯೊಳಗೆ ಖಾಲಿ ಡಬ್ಬಿಯೊಂದಿಗೆ ಬಂದರು. ಅಂದು ತಮ್ಮ ಸದ್ದು ದಢೇಸುಗೂರಿಗೆ ಕೇಳಿಸಲಿಲ್ಲ. ದಾನಿಗಳ ಹೆಸರು ಮುಚ್ಚಿಹೋದದ್ದಕ್ಕೆ ಸಮಿತಿ ತುರ್ತು ಸಭೆ ಕರೆದಿದೆ. ಸಭೆಯನ್ನು ನಡುಗಡ್ಡೆಯಲ್ಲಿಯೇ ಇಟ್ಟುಕೊಳ್ಳಲಿ ಎಂಬುದು ನನ್ನ ವಿನಂತಿ. ತೆಗೆದ ಹಲಗೆಯನ್ನು ದಂಡೆಯಲ್ಲಿ ಜೋಪಾನವಾಗಿ ಇಟ್ಟಿದ್ದೇವೆ. ಅದರ ಮೇಲೆ ಅಷ್ಟು ನಂಬಿಕೆಯಿರುವ ಸದಸ್ಯರು ಅದರ ಮೇಲೆಯೇ ಕುಳಿತು ದಾಟಬಹುದು.