ಕಾಕಾನ ಡಬ್ಬಿಗೆ ಬಂದ ಜ್ವರ

ನಮ್ಮ ಕಾಕಾ ಕನ್ನಡಿ ನೋಡಿಕೊಳ್ಳುವಾಗಲೂ ಒಮ್ಮೆ ಹಿಂತಿರುಗಿ ನೋಡುತ್ತಾರೆ. ಒಳಗಿರುವವನು ತಾನೇ ಎಂಬುದಕ್ಕೆ ಸಾಕ್ಷಿ ಏನು? ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಧಾರವಾಡದ ಬಸ್ಸು ಹತ್ತುವ ಮೊದಲು, ಅದು ಧಾರವಾಡಕ್ಕೇ ಹೋಗುತ್ತದೆಯೇ ಎಂದು ಮೂವರನ್ನು ಕೇಳುತ್ತಾರೆ. ಮೂವರೂ ಹೌದೆಂದರೆ ಅನುಮಾನ ಇನ್ನೂ ಹೆಚ್ಚುತ್ತದೆ!

“ಬೋರ್ಡ್ ಓದ್ರಿ ಸಾಹೇಬ್ರ,” ಎಂದ ಒಮ್ಮೆ ಕಂಡಕ್ಟರ್.

“ಬೋರ್ಡ್ ಬರದಾಂವ ನೀ ಏನು?”

“ಅಲ್ರಿ.”

“ಮತ್ತ ನಿನಗ ಹ್ಯಾಂಗ ಗೊತ್ತು?”

ಬಸ್ಸು ಕಾಕಾನನ್ನು ಬಿಟ್ಟು ಹೋಯಿತು. ಧಾರವಾಡಕ್ಕೇ ಹೋಯಿತಂತೆ.

ಇಂಥವರು ಮೂವತ್ತು ವರ್ಷ ಪೇಟೆಯಲ್ಲಿ ಫೋಟೊ ಸ್ಟುಡಿಯೊ ನಡೆಸಿದರು. ಡಿಜಿಟಲ್ ಕಾಲ ಬಂದಾಗ, ಬೂಷ್ಟು ಹಿಡಿಯುತ್ತಿದ್ದ ನೆಗೆಟಿವ್‌ಗಳನ್ನೆಲ್ಲ ಸ್ಕ್ಯಾನ್ ಮಾಡಿ, ಒಂದೊಂದು ಮುಖಕ್ಕೂ ಹೆಸರು, ಊರು ಬರೆದು ಕಂಪ್ಯೂಟರಿಗೆ ಏರಿಸಿದರು. ಯರಗಟ್ಟಿಯ ಮದುಮಕ್ಕಳು, ಸಾಲಹಳ್ಳಿಯ ಮುದುಕರು, ನಮ್ಮ ಮನೆಮಂದಿ. ನೆಗೆಟಿವ್‌ಗಳು ಹಾಳಾದವು, ಉಳಿದದ್ದು ಇದೊಂದೇ ಪ್ರತಿ. ಅದನ್ನು ಕಾಯಲು ಒಂದು ಡಬ್ಬಿ ತರಿಸಿದರು. ಕೆಳಗಿನ ಸ್ಟುಡಿಯೊಕ್ಕೂ ಮೇಲಿನ ಮನೆಗೂ ತಂತಿ ಎಳೆದು ಜೋಡಿಸಿದ ನೆಟ್‌ವರ್ಕ್ ಡಬ್ಬಿ. ಒಳಗೆ ಎರಡು ಹಾರ್ಡ್ ಡಿಸ್ಕ್; ಒಂದರಲ್ಲಿ ಬರೆದದ್ದು ತಾನಾಗಿಯೇ ಇನ್ನೊಂದರಲ್ಲೂ ಬರೆದುಕೊಳ್ಳುತ್ತದೆ.

“ಒಂದು ಸುಳ್ಳ ಹೇಳಿದ್ರ ಇನ್ನೊಂದು ಹಿಡದ ಕೊಡತೈತಿ,” ಎಂದರು ಹೆಮ್ಮೆಯಿಂದ.

“ಎರಡೂ ಕೂಡಿ ಸುಳ್ಳ ಹೇಳಿದ್ರ?” ಎಂದೆ ನಾನು. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವನ ಬಾಯಿಗೆ ಇಂಥ ಪ್ರಶ್ನೆ ತಾನಾಗಿ ಬರುತ್ತದೆ. ಅವತ್ತು ಕಾಕಾ ಊಟ ಮಾಡಲಿಲ್ಲ.

ಎರಡು ವರ್ಷದ ನಂತರ ಧಾರವಾಡದ ನನ್ನ ಮನೆಗೆ ಫೋನ್ ಬಂತು. “ಡಬ್ಬಿ ಕೆಂಪ ಕಣ್ಣ ಬಿಟ್ಟೈತಿ. ಟಿಕ್ ಟಿಕ್ ಅನ್ನಾಕ ಹತ್ತೈತಿ. ಡಿಸ್ಕ್ ಹೋತಂತ ಕಾಣತೈತಿ. ಲಗೂನ ಬಾ.”

ಹೋದೆ. ಆರೋಪಿಗಳ ಪಟ್ಟಿ ಸಿದ್ಧವಾಗಿತ್ತು: ಕರೆಂಟು, ಪಕ್ಕದ ಸೈಬರ್ ಕೆಫೆಯವನು, ಒಂದು ಇಲಿ ಮತ್ತು ನಾನು.

“ಹ್ವಾದ ಸಲ ಬಂದಾಗ ನೀ ಅದನ್ನ ಮುಟ್ಟಿದ್ದಿ.”

“ಇಲ್ರಿ ಕಾಕಾ!”

“ಖರೇನ?”

ಖರೇನೇ? ಅವರು ಕೇಳಿದ ಧಾಟಿಗೆ, ಡಬ್ಬಿಯ ಮೇಲೆ ಕೈಯಿಟ್ಟದ್ದು ನನಗೇ ಮಸುಕಾಗಿ ನೆನಪಾಗತೊಡಗಿತು!

ತಂತಿ ಬದಲಿಸಿದೆ, ದೀಪ ಕೆಂಪೇ. ಪ್ಲಗ್ ಬದಲಿಸಿದೆ, ಆಗಲೂ ಕೆಂಪೇ. ಕೊನೆಗೆ ಸ್ವಿಚ್ ಆರಿಸಿ, ಎರಡೂ ಡಿಸ್ಕ್ ಹೊರಗೆಳೆದು ಮೇಜಿನ ಮೇಲಿಟ್ಟೆ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ವೈಜ್ಞಾನಿಕ ಪದ್ಧತಿ! ಅಷ್ಟರಲ್ಲಿ ಚಿಗವ್ವ, ಅಂದರೆ ಕಾಕಾನ ಹೆಂಡತಿ, ಚಹಾ ತಂದಳು. ತಟ್ಟೆಗೆ ಜಾಗ ಬೇಕಲ್ಲ, ಡಿಸ್ಕ್‌ಗಳನ್ನು ಎತ್ತಿ ಪಕ್ಕಕ್ಕಿಟ್ಟೆ. ಚಹಾ ಕುಡಿದು ನೋಡುತ್ತೇನೆ, ಎರಡೂ ಅವಳಿ ಜವಳಿ!

“ಎಡಗಡೀದು ಯಾವದು?” ಎಂದರು ಕಾಕಾ.

“ಇದು.” ಎರಡನ್ನೂ ತಿರುಗಿಸಿ ನೋಡಿದೆ. “ಅಲ್ರಿ, ಅದು.”

“ಇಷ್ಟ ಓದಿ ಎಡ-ಬಲ ತಿಳೀಲಿಲ್ಲೇನಪಾ ನಿನಗ?”

ನಗುವ ಮಾತಾಗಿರಲಿಲ್ಲ. ಅದಲುಬದಲಾಗಿ, ಡಬ್ಬಿ ಕೆಟ್ಟದ್ದನ್ನೇ ಮೂಲವೆಂದು ನಂಬಿ ಒಳ್ಳೆಯದರ ಮೇಲೆ ಬರೆದುಬಿಟ್ಟರೆ? ಮೂವತ್ತು ವರ್ಷದ ಮುಖಗಳು ಒಂದೇ ಮಧ್ಯಾಹ್ನ ಅಳಿಸಿಹೋಗುತ್ತವೆ. ಕಾಕಾ ಬೆವರುತ್ತಿದ್ದರು. ನಾನಂತೂ ನನ್ನ ಎಡಗೈ ಯಾವುದೆಂದು ಯೋಚಿಸುವ ಸ್ಥಿತಿಗೆ ಬಂದಿದ್ದೆ.

ಚಿಗವ್ವ ಬಗ್ಗಿ ನೋಡಿ, “ಇದ ನೋಡ್ರಿ ಎಡಗಡೀದು,” ಎಂದಳು.

“ನಿನಗ ಹ್ಯಾಂಗ ಗೊತ್ತು?”

“ಭಂಡಾರ ಹತ್ತೇತಲ್ಲ!”

ಅದನ್ನು ನಾನು ಧೂಳೆಂದುಕೊಂಡಿದ್ದೆ. ಸವದತ್ತಿ ಗುಡ್ಡದಿಂದ ತಂದ ಭಂಡಾರವನ್ನು, ಅಂದರೆ ದೇವಿಯ ಅರಿಷಿಣ ಪುಡಿಯನ್ನು, ಚಿಗವ್ವ ಮಂಗಳವಾರಕ್ಕೊಮ್ಮೆ, ಶುಕ್ರವಾರಕ್ಕೊಮ್ಮೆ ದೇವರಿಗೆ, ಹೊಸ್ತಿಲಿಗೆ, ಮಿಕ್ಸರಿಗೆ, ಆಮೇಲೆ ಈ ಡಬ್ಬಿಗೂ ಏರಿಸುತ್ತಿದ್ದಳು. “ಎಡಕ್ಕ ಅಷ್ಟ ಹಾಕತಿದ್ನಿ. ಬಲಕ್ಕ ದೀಪ ಅದಾವಲ್ಲ, ಅದರ ಕಣ್ಣಾಗ ಬೀಳಬಾರದು.” ಎರಡು ವರ್ಷದ ಭಕ್ತಿ ತೂತುಗಳಲ್ಲಿ ಇಳಿದು ಡಬ್ಬಿಯೊಳಗಿನ ಪುಟ್ಟ ಫ್ಯಾನಿಗೆ ಮೆತ್ತಿಕೊಂಡಿತ್ತು. ಟಿಕ್ ಟಿಕ್ ಎಂದದ್ದು ಡಿಸ್ಕಲ್ಲ, ಫ್ಯಾನಿನ ರೆಕ್ಕೆ! ಗಾಳಿಯಿಲ್ಲದೆ ಡಬ್ಬಿಗೆ ಜ್ವರ ಬಂದಿತ್ತು, ಅಷ್ಟೇ.

“ಕಳ್ಳರನ್ನ ಮನ್ಯಾಗ ಇಟಗೊಂಡು ಓಣಿ ತುಂಬ ಹುಡಿಕಿದ್ನಲ್ಲೋ!”

“ಇಷ್ಟ ದಿನ ಅದು ನಡದದ್ದ ಭಂಡಾರದಿಂದ್ರಿ!” ಎಂದು ಚಿಗವ್ವ ಅಡುಗೆಮನೆಗೆ ಹೋದಳು.

ಲೆನ್ಸ್ ಒರೆಸುವ ಬ್ರಶ್ಶಿನಿಂದ ಕಾಕಾ ಫ್ಯಾನನ್ನು ತಾವೇ ಚೊಕ್ಕ ಮಾಡಿದರು. ಡಿಸ್ಕ್ ಸೇರಿಸಿ ಸ್ವಿಚ್ ಒತ್ತಿದೆ. ಸ್ವಲ್ಪ ಹೊತ್ತಿಗೆ ದೀಪ ಹಸಿರಾಯಿತು.

ಕಾಕಾ ಕೂಡಲೇ ಒಂದು ಫೋಟೊ ತೆರೆದು, ಪರದೆಯಲ್ಲಿ ಹೆಸರಿದ್ದ ಜಾಗವನ್ನು ಅಂಗೈಯಿಂದ ಮುಚ್ಚಿದರು. ಡಬ್ಬಿಯನ್ನು ಪರೀಕ್ಷಿಸುತ್ತಿದ್ದಾರೆ ಎಂದುಕೊಂಡೆ. ದಿಟ್ಟಿಸಿ ನೋಡಿದರು, ತುಟಿ ಅಲುಗಿತು, ಕೈ ತೆಗೆದು ಹೆಸರು ಓದಿಕೊಂಡರು. ಎರಡನೆಯದಕ್ಕೂ ಹಾಗೆಯೇ. ಮೂರನೆಯದು ನನ್ನ ಅಪ್ಪನ ಫೋಟೊ, ಕಾಕಾನ ಒಡಹುಟ್ಟಿದ ಅಣ್ಣ. ಅದಕ್ಕೂ ಕೈ ತೆಗೆಯಬೇಕಾಯಿತು.

“ಯಾವಾಗಿಂದ್ರಿ ಕಾಕಾ?”

“ಒಂದ ವರ್ಷ ಆತು. ದಿನಾ ಮುಂಜಾನೆ ಹಿಂಗ ಕುಂತು ನೋಡಕೋತೇನಿ. ಡಬ್ಬಿ ಹೋದ್ರ ನಾ ಯಾರನ್ನ ಕೇಳಲಿ?” ದನಿ ತಗ್ಗಿಸಿದರು. “ನಿಮ್ಮ ಚಿಗವ್ವಗ ಹೇಳಬ್ಯಾಡ.”

ನಾಲ್ಕನೆಯದು ಮದುವೆ ಸೀರೆಯ ಹುಡುಗಿ, ತಲೆ ತುಂಬ ಸೆರಗು. ಕಾಕಾ ಅಂಗೈಯನ್ನು ಇನ್ನೂ ಬಿಗಿಯಾಗಿ ಒತ್ತಿದರು.

“ಗಂಗವ್ವ!” ಎಂದರು, ಜೋರಾಗಿಯೇ.

ನಮ್ಮ ಕಡೆಯ ಹಳೆಯ ಮಂದಿ ಹೆಂಡತಿಯ ಹೆಸರು ಹಿಡಿದು ಕೂಗುವುದಿಲ್ಲ. ಕಾಕಾ ಇಡೀ ಸಂಸಾರವನ್ನು “ಏ, ಇಲ್ಲೆ ಬಾ” ಎಂದೇ ನಡೆಸಿದವರು. ಚಿಗವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡಿಬಂದಳು.

“ಏನಾತ್ರಿ? ಹೆಸರ ಹಿಡದ ಕರದ್ರಿ?”

“ಏನಿಲ್ಲ,” ಎಂದರು ಕಾಕಾ, ಮುಖವನ್ನು ಪರದೆಯಿಂದ ತಿರುಗಿಸದೆ. “ಬರೋಬ್ಬರಿ ಐತಿ. ಹೋಗು.”