ಒನ್ ಬೈ ಟೂ ಕಂಪ್ಯೂಟರು

ಎರಡು ಎನ್ನುವ ಸಂಖ್ಯೆಗೂ ನನಗೂ ಮೊದಲಿನಿಂದ ಆಗಿಬರುವುದಿಲ್ಲ. ಒಂದೇ ಇದ್ದರೆ ಸರಿ, ಅದನ್ನೇ ನೆಚ್ಚಿಕೊಂಡು ಹೋಗಿಬಿಡಬಹುದು. ನಾಲ್ಕಾರು ಇದ್ದರೂ ಪರವಾಗಿಲ್ಲ, ಯಾರನ್ನಾದರೂ ಕೇಳಿದರೆ ಮರ್ಯಾದೆಗೇನೂ ಕುಂದಿಲ್ಲ. ಎರಡೇ ಇದ್ದಾಗ ಮಾತ್ರ ಕೇಳಲು ನಾಚಿಕೆ, ಊಹಿಸಿದರೆ ಖಂಡಿತ ತಪ್ಪು. ಲಾಡ್ಜಿನ ಬಚ್ಚಲಲ್ಲಿ ಎರಡು ನಲ್ಲಿಗಳಿದ್ದರೆ ನಾನು ಮೊದಲು ತಿರುಗಿಸುವುದು ಸುಡುವ ನೀರಿನದನ್ನೇ. ನಮ್ಮ ಮನೆಯ ನಡುಕೋಣೆಯಲ್ಲಿ ಅಕ್ಕಪಕ್ಕ ಎರಡು ಸ್ವಿಚ್ಚುಗಳಿವೆ, ಒಂದು ದೀಪದ್ದು, ಇನ್ನೊಂದು ಫ್ಯಾನಿನದು. ಈ ಮನೆಗೆ ಬಂದ ಮೇಲೆ ನನ್ನ ತಲೆಗೂದಲು ಅರ್ಧ ಉದುರಿತು, ಆದರೆ ಇವತ್ತಿಗೂ ಬೆಳಕು ಬೇಕೆಂದು ಒತ್ತಿದರೆ ಗಾಳಿ ಬರುತ್ತದೆ. ನೆಂಟರ ಮನೆಯ ಅವಳಿ ಹುಡುಗರನ್ನು ನಾನು ಇಬ್ಬರಿಗೂ ಸಲ್ಲುವ ಹಾಗೆ "ಏನಪ್ಪಾ" ಎಂದಷ್ಟೇ ಮಾತನಾಡಿಸುವುದು. ಇಂಥವನ ಮನೆಗೆ ಎರಡು ಬುದ್ಧಿಯ ಕಂಪ್ಯೂಟರು ಬಂದು ಕುಳಿತಿತೆಂದರೆ ಅದನ್ನು ಗ್ರಹಚಾರ ಎನ್ನದೆ ಇನ್ನೇನು ಹೇಳಲಿ!

ನಾನು ಇರುವುದು ಹಲಸೂರಿಗೂ ಇಂದಿರಾನಗರಕ್ಕೂ ನಡುವೆ, ವಿಮಾ ಕಚೇರಿಯ ನೌಕರರ ಕಾಲೊನಿಯಲ್ಲಿ. ಆಗಿನ್ನೂ ನಮ್ಮ ಕಚೇರಿಗೆ ಕಂಪ್ಯೂಟರುಗಳು ಬಂದು, ಅವುಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಯಾರು ತೆಗೆಯಬೇಕೆಂಬ ಚರ್ಚೆ ನಡೆಯುತ್ತಿದ್ದ ಕಾಲ. ಆ ಹೊದಿಕೆ ತೆಗೆದವನು ನನ್ನ ಸಹೋದ್ಯೋಗಿ ಸಂಪತ್ತು. ಜೋಗುಪಾಳ್ಯದವನು. ತಾಯಿಯ ಜೊತೆ ತಮಿಳು, ನಮ್ಮ ಜೊತೆ ಕನ್ನಡ, ಆಟೋದವರ ಜೊತೆ ಉರ್ದು, ಮ್ಯಾನೇಜರ ಜೊತೆ ಇಂಗ್ಲಿಷು. ಒಂದೇ ತಲೆಯಲ್ಲಿ ಇಷ್ಟೊಂದು ಇಟ್ಟುಕೊಂಡವನಿಗೆ ಒಂದು ಡಬ್ಬಿಯಲ್ಲಿ ಎರಡು ಸಿಸ್ಟಮ್ ಇಡುವುದು ಯಾವ ಮಹಾ ಕೆಲಸ? ನನಗೊಂದು ಹಳೆಯ ಕಂಪ್ಯೂಟರು ಕೊಡಿಸಿದವನೂ ಅವನೇ. ಅದರಲ್ಲಿ ವಿಂಡೋಸ್ ಇತ್ತು. ಸಾಲದೆಂದು ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸೀಡಿ ತಂದು ಲಿನಕ್ಸ್ ಎಂಬುದನ್ನೂ ತುಂಬಿದ. "ಏನೂ ಇಲ್ಲ ಸಾರ್, ಒನ್ ಬೈ ಟೂ ಕಾಫಿ ಇದ್ದಂಗೆ. ಒಂದೇ ಡಿಸ್ಕು, ಎರಡು ಲೋಟ," ಎಂದ. "ಎರಡರಲ್ಲೂ ಅದೇ ಕಾಫಿ ತಾನೆ?" ಎಂದು ಕೇಳಿದೆ. "ಇಲ್ಲ ಸಾರ್, ಒಂದ್ರಲ್ಲಿ ಕಾಫಿ, ಒಂದ್ರಲ್ಲಿ ಟೀ," ಎಂದ. ನನ್ನ ಗಲಿಬಿಲಿ ಶುರುವಾದದ್ದು ಅಲ್ಲಿಂದ.

ಆ ಯಂತ್ರವನ್ನು ಚಾಲೂ ಮಾಡಿದರೆ ಕಪ್ಪು ಪರದೆಯ ಮೇಲೆ ಒಂದಷ್ಟು ಇಂಗ್ಲಿಷ್ ಅಕ್ಷರ ಮೂಡಿ, 'ಬೂಟ್' ಎಂದು ಕೇಳುತ್ತಾ ಸ್ವಲ್ಪ ಹೊತ್ತು ಕಾಯುತ್ತಿತ್ತು. ಅಷ್ಟರಲ್ಲಿ 'ವಿನ್' ಎಂದು ಟೈಪು ಮಾಡಿದರೆ ವಿಂಡೋಸಿಗೆ ದಾರಿ. ಸುಮ್ಮನಿದ್ದರೆ ಅದೇ ಬೇಸತ್ತು ಲಿನಕ್ಸಿಗೆ ಹೋಗಿಬಿಡುತ್ತಿತ್ತು. "ಮನೆ ಒಳಗೆ ಬೂಟು ಯಾಕ್ರೀ?" ಎಂದು ನಗುತ್ತಲೇ ನನ್ನ ಹೆಂಡತಿ ವಿಮಲಾ ಮರುದಿನಕ್ಕೆಲ್ಲ ಅದನ್ನು ಕಲಿತಳು. ನಾನೋ, ಕೀಲಿಮಣೆಯ ಮೇಲೆ ಮೂರು ಅಕ್ಷರ ಹುಡುಕುವಷ್ಟರಲ್ಲಿ ಹೊತ್ತು ಮೀರಿ ಕಪ್ಪು ಕೋಣೆಗೆ ಬಿದ್ದಿರುತ್ತಿದ್ದೆ. ಅಲ್ಲಿ 'ಲಾಗಿನ್' ಎಂದು ಕೇಳುತ್ತಿತ್ತು. ಹೆಸರು ಕೇಳುತ್ತಿದೆಯಲ್ಲ ಎಂದು ಇನಿಷಿಯಲ್ ಸಮೇತ ವಿನಯದಿಂದ ಕೊಡುತ್ತಿದ್ದೆ. ತಪ್ಪು ಎನ್ನುತ್ತಿತ್ತು. ಸಂಪತ್ತು ಏನೋ ಗುಪ್ತನಾಮ ಹೇಳಿಕೊಟ್ಟಿದ್ದ, ನನಗೆ ಅದು ನೆನಪಿದ್ದರೆ ತಾನೆ? ನನ್ನ ಮನೆಯಲ್ಲೇ, ನನ್ನ ಕುರ್ಚಿಯಲ್ಲೇ ಕುಳಿತು, ನನ್ನ ಹೆಸರು ತಪ್ಪೆಂದು ದಿನಾ ಹೇಳಿಸಿಕೊಳ್ಳುವುದೆಂದರೆ ಯಾರಿಗೆ ಕೋಪ ಬರುವುದಿಲ್ಲ, ನೀವೇ ಹೇಳಿ.

ವಿಮಲಾಳಿಗೆ ಮಾತ್ರ ಅದರಲ್ಲಿ ಘನವಾದ ಕೆಲಸವಿತ್ತು. ನನ್ನ ಅತ್ತೆ, ಅಂದರೆ ಅವಳ ತಾಯಿ, ನಮ್ಮ ಜೊತೆಗೇ ಇದ್ದರು. ಅವರ ಬಾಯಲ್ಲಿ ಹಾಡಿನ ಉಗ್ರಾಣವೇ ಇತ್ತು. ಹಸೆಗೆ ಕರೆಯುವ ಹಾಡು, ಉರುಟಣೆಯ ಹಾಡು, ಬೀಗರನ್ನು ಚೆನ್ನಾಗಿ ಜಾಡಿಸುವ ಹಾಡು. ಆದರೆ ಅವರಿಗೆ ಮರೆವು ಹತ್ತತೊಡಗಿತ್ತು. ಬೆಳಿಗ್ಗೆ ತಿಂಡಿ ತಿಂದದ್ದು ಮರೆಯುವರು, ನನ್ನ ಹೆಸರು ಮರೆತು "ನೀವು ಯಾರ ಕಡೆಯೋರಪ್ಪಾ?" ಎನ್ನುವರು. ಹಾಡುಗಳೂ ಮರೆತುಹೋಗುವ ಮೊದಲೇ ಹಿಡಿದಿಡಬೇಕೆಂದು ವಿಮಲಾ ದಿನಾ ಮಧ್ಯಾಹ್ನ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು ಹೇಳಿದ್ದನ್ನು ವಿಂಡೋಸಿನಲ್ಲಿ ಕನ್ನಡದಲ್ಲಿ ಟೈಪು ಮಾಡುತ್ತಿದ್ದಳು. ದೀಪಾವಳಿಗೂ ಮುಂಚೆ ಅತ್ತೆಗೆ ಸಹಸ್ರ ಚಂದ್ರ ದರ್ಶನದ ಶಾಂತಿ ಇಟ್ಟುಕೊಂಡಿದ್ದೆವು. ಅವತ್ತು ಬಂದವರಿಗೆಲ್ಲ ಆ ಹಾಡುಗಳ ಪುಟ್ಟ ಪುಸ್ತಕ ಹಂಚಬೇಕೆಂಬುದು ಅವಳ ಆಸೆ. ಶಿವಾಜಿನಗರದ ಪ್ರೆಸ್ಸಿನವರು ಫ್ಲಾಪಿ ಬೇಗ ಕೊಡಿ ಎನ್ನುತ್ತಿದ್ದರು. ಒಂದು ಪ್ರತಿ ಈಗಲೇ ಫ್ಲಾಪಿಗೆ ಹಾಕಿಡಬಾರದೇ ಎಂದು ನಾನು ಹೇಳಿದ್ದುಂಟು. "ಎಲ್ಲಾ ಆಗ್ಲಿ ಸುಮ್ನಿರಿ, ಅರ್ಧ ಬೆಂದ ಅನ್ನ ಯಾರಾದ್ರೂ ಬಡಿಸ್ತಾರಾ?" ಎಂದಿದ್ದಳು.

ಅಷ್ಟರಲ್ಲಿ ನವರಾತ್ರಿ ಬಂತು. ನಮ್ಮ ಮನೆಯಲ್ಲಿ ಗೊಂಬೆ ಕೂರಿಸುವ ಪದ್ಧತಿ. ಹಲಗೆ, ಟ್ರಂಕು, ಸ್ಟೂಲು ಎಲ್ಲ ಜೋಡಿಸಿ ಬಿಳಿ ಪಂಚೆ ಹೊದಿಸಿ ಮೆಟ್ಟಿಲು ಮಾಡುವುದು. ಆ ಸಲ ಒಂದು ಮೆಟ್ಟಿಲು ಕಡಿಮೆ ಬಿತ್ತು. ಶೆಟ್ಟಿ ದಂಪತಿಯ ಗೊಂಬೆ, ಅವರ ಮುಂದಿನ ಅಕ್ಕಿ ಬೇಳೆಯ ಅಂಗಡಿ ಸಮೇತ, ನೆಲದ ಮೇಲೆ ಕೂರುವ ಹಾಗಾಯಿತು. ನನಗೆ ಆಗ ಒಂದು ಬುದ್ಧಿ ಹೊಳೆಯಿತು. ಕಂಪ್ಯೂಟರಿನ ಡಬ್ಬಿಯ ವೈರುಗಳನ್ನೆಲ್ಲ ಕಿತ್ತು, ಅದನ್ನು ಅಡ್ಡ ಮಲಗಿಸಿ, ಪಂಚೆಯ ಕೆಳಗೆ ಸೇರಿಸಿದೆ. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು. "ಏನ್ ತಲೆ ರೀ ನಿಮ್ದು!" ಎಂದಳು ವಿಮಲಾ. ಮದುವೆಯಾದ ಮೇಲೆ ಆ ಮಾತು ಹೊಗಳಿಕೆಯ ಅರ್ಥದಲ್ಲಿ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಹಬ್ಬ ಮುಗಿಯುವವರೆಗೆ ಶೆಟ್ಟಿ ದಂಪತಿ ನಮ್ಮ ಎರಡೂ ಸಿಸ್ಟಮ್‌ಗಳ ಮೇಲೆ ಅಂಗಡಿ ಹೂಡಿಕೊಂಡು ಕುಳಿತಿದ್ದರು. ಆಯುಧಪೂಜೆಯ ದಿನ ಪಂಚೆ ಸರಿಸಿ ಡಬ್ಬಿಗೆ ಒಂದು ಕುಂಕುಮವನ್ನೂ ಇಟ್ಟೆವು.

ವಿಜಯದಶಮಿ ಕಳೆದು ಗೊಂಬೆಗಳು ಪೆಟ್ಟಿಗೆ ಸೇರಿದವು. ವೈರು ಸಿಕ್ಕಿಸಿ ಸ್ವಿಚ್ ಒತ್ತಿದರೆ, ಪರದೆಯ ಮೂಲೆಯಲ್ಲಿ 'ಎಲ್ ಐ' ಎಂದು ಎರಡು ಅಕ್ಷರ ಬಂದು ನಿಂತುಬಿಟ್ಟಿತು. ಅಷ್ಟೇ. ಅತ್ತ ಕಾಫಿಯೂ ಇಲ್ಲ, ಇತ್ತ ಟೀಯೂ ಇಲ್ಲ. ಆರಿಸಿ ಹೊತ್ತಿಸಿದೆ, ಎಲ್ ಐ. ತಟ್ಟಿದೆ, ಎಲ್ ಐ. ಬೇರೆಯವರಿಗೆ ಅದು ಎರಡು ಅಕ್ಷರ, ವಿಮಾ ಕಚೇರಿಯಲ್ಲಿ ಸವೆದ ನನ್ನ ಕಣ್ಣಿಗೆ ಅದು ಲೈಫ್ ಇನ್ಶೂರೆನ್ಸ್! ನಮ್ಮ ಪ್ರತಿ ಕಡತದ ಮೂಲೆಯಲ್ಲೂ ಹಾಗೇ ಬರೆದಿರುತ್ತದೆ. ಹಬ್ಬಕ್ಕೆ ಮುಂಚೆ ಆಫೀಸಿನ ಒಂದು ಸುತ್ತೋಲೆಯನ್ನು ಮನೆಯಲ್ಲಿ ಓದೋಣವೆಂದು ಫ್ಲಾಪಿಯಲ್ಲಿ ತಂದು ಇದರೊಳಗೆ ಹಾಕಿದ್ದೆ. ಅದರ ಹಿಂದೆಯೇ ಕಚೇರಿ ಪೂರ್ತಿ ಒಳನುಗ್ಗಿ ಬೀಗ ಹಾಕಿಕೊಂಡಿದೆ ಎಂದು ನಾನು ನಂಬಿಬಿಟ್ಟೆ. "ನಿಮ್ಮ ಆಫೀಸು ಮನೆಗೂ ಬಂತಾ?" ಎಂದು ವಿಮಲಾ ಕೇಳಿದಳು.

ಸಂಪತ್ತು ರಜೆ ಹಾಕಿ ಹೆಂಡತಿಯ ತವರು ಕೋಲಾರಕ್ಕೆ ಹೋಗಿದ್ದ. ಡಬ್ಬಿಯನ್ನು ಆಟೋದಲ್ಲಿ ಮಡಿಲಲ್ಲಿಟ್ಟುಕೊಂಡು ಹಲಸೂರಿನ ಅಂಗಡಿಯೊಂದಕ್ಕೆ ಒಯ್ದೆ. ಅವರು ನೋಡಿದ ತಕ್ಷಣ "ಫಾರ್ಮ್ಯಾಟ್ ಮಾಡ್ಬಿಡೋಣ ಸಾರ್" ಎಂದರು. ಮರ್ಫಿ ಟೌನಿನ ಇನ್ನೊಂದು ಅಂಗಡಿಯಲ್ಲಿ ನೋಡದೆಯೇ ಅದೇ ಮಾತು ಹೇಳಿದರು. ಮನೆಗೆ ಬಂದು ವಿಮಲಾಳಿಗೆ ಹೇಳಿದೆ. "ಫಾರ್ಮ್ಯಾಟ್ ಅಂದ್ರೆ?" ಎಂದಳು. "ಒಳಗೆಲ್ಲಾ ತೊಳೆದು ಹೊಸದಾಗಿ ಮಾಡೋದು ಕಣೆ." "ಅಮ್ಮನ ಹಾಡೂ ತೊಳ್ದೋಗುತ್ತಾ?" ನಾನು ಡಬ್ಬಿಯನ್ನು ಮೂಲೆಗೆ ಇಳಿಸಿದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ತಾಯಿಯ ಪಕ್ಕ ಹೋಗಿ ಕೂತು, "ಅಮ್ಮ, ಹಸೆ ಹಾಡು ಇನ್ನೊಂದ್ಸಲ ಹೇಳಮ್ಮ," ಎಂದಳು. ಅತ್ತೆ ಉತ್ಸಾಹದಿಂದ ಗಂಟಲು ಸರಿಮಾಡಿಕೊಂಡು "ಬಾರಮ್ಮ" ಎಂದರು, ಮುಂದೆ ಬರಲಿಲ್ಲ. ಮತ್ತೆ "ಬಾರಮ್ಮ" ಎಂದು ನಿಂತರು. ಆ ಮೂಲೆಯ ಡಬ್ಬಿಯೂ ಈ ಮೂಲೆಯ ಅತ್ತೆಯೂ ಒಂದೇ ರೀತಿ ಅರ್ಧಕ್ಕೆ ನಿಂತಂತಾಯಿತು. ಡಬ್ಬಿಯನ್ನು ಮಲಗಿಸಿದ್ದು ನಾನೇ ತಾನೆ?

ಕೊನೆಗೆ ಭಾನುವಾರ ಬೆಳಿಗ್ಗೆ ಸಂಪತ್ತಿನ ಮಾವನ ಮನೆಯ ನಂಬರು ಸಿಕ್ಕಿತು. ನಮ್ಮ ಫೋನು ನಡುಕೋಣೆಯಲ್ಲಿ, ಕಂಪ್ಯೂಟರು ಒಳಕೋಣೆಯಲ್ಲಿ. ವಿಮಲಾ ಅಲ್ಲಿ ಕೂತಳು, ನಾನು ಇಲ್ಲಿ ನಿಂತೆ, ನಡುವಿನ ಬಾಗಿಲ ಬಳಿ ಅತ್ತೆ ಹೂಬತ್ತಿ ಹೊಸೆಯುತ್ತಿದ್ದರು.

"ನಿನ್ನ ಒನ್ ಬೈ ಟೂ ಒಡೆದುಹೋಯ್ತಪ್ಪಾ ಸಂಪತ್ತು!"

"ಟೆನ್ಷನ್ ಆಗ್ಬೇಡಿ ಸಾರ್. ಸ್ಕ್ರೀನ್ ಮೇಲೆ ಏನ್ ಬರ್ತಿದೆ?"

"ಎಲ್ ಐ."

"ಆಮೇಲೆ?"

"ಆಮೇಲೇನೂ ಇಲ್ಲ. ಬರೀ ಲೈಫ್ ಇನ್ಶೂರೆನ್ಸು."

ಅವನು ನಕ್ಕ ನಗೆಗೆ ಫೋನೇ ಅದುರಿತು. "ಅಯ್ಯೋ ಸಾಮಿ, ಅದು ಇನ್ಶೂರೆನ್ಸ್ ಅಲ್ಲ ಸಾರ್! ಲಿಲೋ! ಎರಡು ಸಿಸ್ಟಮ್‌ಗೂ ಬಾಗ್ಲು ತೆಗೆಯೋನ ಹೆಸರು. ಎಲ್ ಐ ಎಲ್ ಓ ಅಂತ ಪೂರ್ತಿ ಬರ್ಬೇಕು, ಅರ್ಧಕ್ಕೇ ನಿಂತಿದೆ. ಕರೆಂಟ್ ತೆಗೆದು ತುಂಬಾ ದಿನ ಇಟ್ಟಿದ್ರಾ?"

"ಗೊಂಬೆ ಕೂರಿಸಿದ್ವಲ್ಲಪ್ಪಾ."

"ಗೊಂಬೆಗೂ ಕಂಪ್ಯೂಟರ್‌ಗೂ ಏನ್ ಸಾರ್ ಸಂಬಂಧ?"

ಹೇಳಿದೆ. ಆಮೇಲೆ ಅವನು ವಿವರಿಸಿದ. ಒಳಗೊಂದು ನಾಣ್ಯದಂಥ ಬ್ಯಾಟರಿ ಇದೆಯಂತೆ. ಹಳೆಯದಾದ್ದರಿಂದ ಕರೆಂಟಿಲ್ಲದೆ ಮಲಗಿದ್ದಾಗ ಸತ್ತಿದೆಯಂತೆ. ಅದರಿಂದ ಯಂತ್ರಕ್ಕೆ ತನ್ನ ಡಿಸ್ಕನ್ನು ಹೇಗೆ ಓದಬೇಕೆಂಬ ಸೆಟ್ಟಿಂಗೇ ಮರೆತುಹೋಗಿದೆಯಂತೆ. ಹಾಡುಗಳು ಇದ್ದಲ್ಲೇ ಇವೆ, ದಾರಿ ಮಾತ್ರ ಮರೆತಿದೆ. ಹೊಸ ಬ್ಯಾಟರಿಯನ್ನು ತಾನು ಊರಿಗೆ ಬಂದ ಮೇಲೆ ಹಾಕುತ್ತಾನಂತೆ. "ಆಫ್ ಮಾಡಿ ಆನ್ ಮಾಡಿ, ತಕ್ಷಣ ಡಿಲೀಟ್ ಒತ್ತೋಕೆ ಹೇಳಿ ಮೇಡಂಗೆ."

"ವಿಮಲಾ, ಡಿಲೀಟ್ ಒತ್ಬೇಕಂತೆ!" ಎಂದು ಕೂಗಿದೆ.

"ಏನ್ರೀ ಹೇಳ್ತಿದೀರಾ? ಡಿಲೀಟ್ ಅಂದ್ರೆ ಅಳಿಸೋದು! ನಾನು ಒತ್ತಲ್ಲ ಹೋಗ್ರೀ!"

"ಅವನೇ ಹೇಳ್ತಿದಾನೆ ಕಣೆ! ಲಿಲೋ ಬರ್ಬೇಕಂತೆ, ಲಿಲೋ!"

"ಏನು? ಲಾಲಿನಾ?"

"ಲಿಲೋ! ಲಿ! ಲೋ!" ಎಂದು ನಾನು ಗಂಟಲು ಹರಿಯುವ ಹಾಗೆ ಅರಚಿದೆ.

ಅತ್ತೆಯ ಕೈ ಹೂಬತ್ತಿಯ ಮೇಲೆ ನಿಂತಿತು. "ಯಾಕಪ್ಪಾ ಹಾಗೆ ಕಿರುಚ್ತೀರಿ? ಮಗು ಏಳುತ್ತೆ," ಎಂದು ನನ್ನನ್ನು ಗದರಿ, ತೊಡೆ ತಟ್ಟುತ್ತಾ ಹಾಡತೊಡಗಿದರು. "ಲಾಲಿ ಲಾಲಿ ನಮ್ಮ ಮನೆಯ ಕಳ್ಳಿಗೆ ಲಾಲಿ, ಹಾಲು ಕುಡಿದು ಬೆಕ್ಕಿನ ಮೇಲೆ ಹೇಳುವ ಮಳ್ಳಿಗೆ ಲಾಲಿ." ಎಲ್ಲೂ ತಡವರಿಸಲಿಲ್ಲ. ಎರಡನೆಯ ನುಡಿಗೆ ಹೋದರು, ಮೂರನೆಯದಕ್ಕೆ ಹೋದರು. ವಿಮಲಾ ಒಳಗಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತಳು. "ರೀ, ಇದನ್ನ ಅಮ್ಮ ನಂಗೆ ಹೇಳೇ ಇರ್ಲಿಲ್ಲ," ಎಂದಳು. ಈಗ ಅವಳ ಕಣ್ಣಲ್ಲಿ ನೀರು ಧಾರಾಳವಾಗಿ ಬಂತು. ಆ ಕಳ್ಳಿ ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ.

ಫೋನಿನಲ್ಲಿ ಸಂಪತ್ತು ಒದ್ದಾಡುತ್ತಿದ್ದ. "ಸಾರ್, ಡಿಲೀಟ್ ಒತ್ತಿದ್ರಾ?"

"ಸುಮ್ನಿರಪ್ಪಾ, ಹಾಡ್ತಿದಾರೆ."

"ಕಂಪ್ಯೂಟರ್ ಹಾಡ್ತಿದೆಯಾ ಸಾರ್?"

ಹಾಡು ಮುಗಿದ ಮೇಲೆ ವಿಮಲಾ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಆಗಿದ್ದಾಗ್ಲಿ," ಎಂದು ಹೋಗಿ ಡಿಲೀಟ್ ಒತ್ತಿದಳು. ನೀಲಿ ಪರದೆ ಬಂತು. ಸಂಪತ್ತು ಹೇಳಿದ್ದನ್ನು ನಾನು ಕೂಗಿದೆ, ನಾನು ಕೂಗಿದ್ದನ್ನು ಅವಳು ತಿದ್ದಿಕೊಂಡು ಅರ್ಥಮಾಡಿಕೊಂಡಳು. ಡಿಸ್ಕಿನ ಸೆಟ್ಟಿಂಗ್ ಬದಲಾಯಿತು. ಮತ್ತೆ ಚಾಲೂ ಮಾಡಿದರೆ ಎಲ್ ಐ ಎಲ್ ಓ ಎಂದು ನಾಲ್ಕೂ ಅಕ್ಷರ ಪೂರ್ತಿಯಾಗಿ ಬಂದವು! ಸಂತೋಷಕ್ಕೆ ಫೋನು ಅಲ್ಲೇ ಬಿಟ್ಟು ಓಡಿಹೋಗಿ "ನಾನು ಟೈಪ್ ಮಾಡ್ತೀನಿ, ನಾನು ಮಾಡ್ತೀನಿ" ಎಂದು ಕೀಲಿಮಣೆ ಕಿತ್ತುಕೊಂಡೆ. ಮೂರು ಅಕ್ಷರ ಹುಡುಕುವಷ್ಟರಲ್ಲಿ ಅದು ಕಪ್ಪು ಕೋಣೆಗೆ ಹೋಗಿ ಲಾಗಿನ್ ಎಂದು ಕೇಳಿತು. ವಿಮಲಾ ನನ್ನ ಕೈಯಿಂದ ಕೀಲಿಮಣೆ ತೆಗೆದುಕೊಂಡಳು. ಎರಡನೆಯ ಸಲ ವಿಂಡೋಸ್ ತೆರೆಯಿತು, ಹಾಡುಗಳೆಲ್ಲ ಅಲ್ಲೇ ಇದ್ದವು. ಅರ್ಧ ಬೆಂದ ಅನ್ನವಾದರೂ ಸರಿ ಎಂದು ಮೊದಲು ಎಲ್ಲವನ್ನೂ ಫ್ಲಾಪಿಗೆ ಹಾಕಿ, ಆಮೇಲೆ ಲಾಲಿಯನ್ನು ಟೈಪು ಮಾಡಲು ಕೂತಳು.

ಶಾಂತಿಯ ದಿನ ಪುಸ್ತಕ ಹಂಚಿದೆವು. ಕೊನೆಯ ಪುಟದಲ್ಲಿ ಕಳ್ಳಿಯ ಲಾಲಿ. ಅತ್ತೆ ಅದನ್ನು ಕೈಯಲ್ಲಿ ಹಿಡಿದು, "ಚೆನ್ನಾಗಿದೆ, ಯಾರು ಬರೆದದ್ದು?" ಎಂದು ಎಲ್ಲರನ್ನೂ ಕೇಳುತ್ತಿದ್ದರು. ನಾನು ನಮಸ್ಕಾರ ಮಾಡಲು ಹೋದಾಗ ವಿಮಲಾ "ಅಮ್ಮ, ಇವ್ರು ಯಾರು ಹೇಳು ನೋಡೋಣ," ಎಂದಳು. ಅತ್ತೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮುಖ ಅರಳಿತು. "ಗೊತ್ತಿಲ್ದೆ ಏನು? ಲಿಲೋ!" ಎಂದರು. ನೆಂಟರೆಲ್ಲ ಬಿದ್ದು ಬಿದ್ದು ನಕ್ಕರು. ಅಂದಿನಿಂದ ಹೆಂಡತಿಯ ತವರಿನ ಕಡೆಯವರಿಗೆಲ್ಲ ನಾನು ಲಿಲೋ ಭಾವ. ಅತ್ತೆಗೆ ಮತ್ತೆ ನನ್ನ ನಿಜವಾದ ಹೆಸರು ನೆನಪಾಗಲಿಲ್ಲ, ಈ ಹೆಸರು ಮರೆಯಲಿಲ್ಲ.

ಅವತ್ತು ಸಂಜೆ ಎಲ್ಲರೂ ಹೋದ ಮೇಲೆ, ಯಾವುದಕ್ಕೂ ನೋಡೋಣವೆಂದು ಒಳಕೋಣೆಯ ಆ ಕಪ್ಪು ಪರದೆಯ ಮುಂದೆ ಕುಳಿತು, ಲಾಗಿನ್ ಎಂದ ಕಡೆ 'ಲಿಲೋ' ಎಂದು ಟೈಪು ಮಾಡಿದೆ. ಅದು ಒಪ್ಪಲಿಲ್ಲ. ಹೋಗಲಿ, ಅತ್ತೆ ಒಪ್ಪಿದ್ದಾರಲ್ಲ ಎಂದು ಕಂಪ್ಯೂಟರು ಆರಿಸಿ ನಡುಕೋಣೆಗೆ ಬಂದೆ. ಅತ್ತೆ ದಿವಾನದ ಮೇಲೆ ನಿದ್ದೆಹೋಗಿದ್ದರು, ದೀಪ ಅವರ ಕಣ್ಣಿಗೆ ಹೊಡೆಯುತ್ತಿತ್ತು. ಮೆಲ್ಲಗೆ ಹೋಗಿ ಸ್ವಿಚ್ ಒತ್ತಿದೆ. ಫ್ಯಾನು ನಿಂತಿತು.